ಪಾದ್ರಿಯ ಪಾಲಿನ ತುಂಡು

ಭಾನುವಾರ ಸಂಜೆ ಏಳೂವರೆಗೆ ಪ್ರಸಾರವಾದ ಧಾರಾವಾಹಿಯಲ್ಲಿ ಪಾದ್ರಿಯ ಪಾತ್ರಧಾರಿ ಕ್ರಿಸ್ತನ ದೇಹವೆಂದು ನಂಬಿ ತಿನ್ನುವ ಪ್ರಭುಭೋಜನದ ರೊಟ್ಟಿಯನ್ನು ಸಭೆಗೆಲ್ಲ ಹಂಚಿ, ತನ್ನ ಪಾಲಿನ ತುಂಡನ್ನು ತಿನ್ನದೆ ನಿಲುವಂಗಿಯ ಜೇಬಿಗೆ ಹಾಕಿಕೊಂಡ. ಚಿಕ್ಕ ದೃಶ್ಯ. ಮಾತಿರಲಿಲ್ಲ, ಸಂಗೀತವೂ ಇರಲಿಲ್ಲ.

ಧಾರಾವಾಹಿ ಒಂದು ಪಾದ್ರಿ ಕುಟುಂಬದ ಕಥೆ. ಬರೆಯುತ್ತಿದ್ದವನೂ ಒಬ್ಬ ಪಾದ್ರಿಯ ಮಗನೇ. ಕಂತು ಬರುವ ಭಾನುವಾರಗಳಲ್ಲಿ ಅವನು ಚರ್ಚಿನ ಹಿಂದೆ ಪಾದ್ರಿಗೆಂದು ಸಭೆ ಕೊಟ್ಟಿದ್ದ ಮನೆಗೆ ಬಂದು ತಂದೆ ತಾಯಿಯ ಜೊತೆ ಕೂತು ನೋಡುತ್ತಿದ್ದ. ಧಾರಾವಾಹಿಯ ಪಾದ್ರಿ ಉಪದೇಶಕ್ಕೆ ಮುಂಚೆ ಗಂಟಲು ಸರಿಮಾಡಿಕೊಳ್ಳುವುದು, ಕನ್ನಡಕವನ್ನು ತೋಳಿಗೆ ಒರೆಸುವುದು, ಎಲ್ಲವೂ ತಂದೆಯದೇ. ತಂದೆಗೂ ಅದು ತಮಾಷೆಯಾಗಿತ್ತು. "ನನ್ನ ಪಾತ್ರದವನಿಗೆ ತಲೆತುಂಬ ಕೂದಲು ಕೊಟ್ಟಿದ್ದೀಯ. ದೇವರು ಮಾಡದ ಉಪಕಾರ ನೀನು ಮಾಡಿದೆ," ಎಂದಿದ್ದರು.

ಆ ಸಂಜೆ ಅವರು ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

"ಏನಾಯ್ತಮ್ಮ ಅಪ್ಪಂಗೆ?"

ತಾಯಿ ಟಿವಿ ಆರಿಸಿದರು. "ಆ ಜೇಬಿಗೆ ಹಾಕ್ಕೊಳ್ಳೋದನ್ನ ಯಾಕೋ ತೋರಿಸ್ದೆ?"

"ಇನ್ನೇನು ತೋರಿಸ್ಲಿ? ಪಾದ್ರಿಗಳು ತಿನ್ನಲ್ವಲ್ಲ. ಡೈರೆಕ್ಟರು ತಿನ್ನಿಸೋಣ ಅಂದ್ರು. ನಾನೇ ಹಠ ಹಿಡಿದೆ. ನಾನು ಹುಟ್ಟಿ ಬೆಳೆದಿದ್ದೇ ಚರ್ಚಲ್ಲಿ, ನನಗೆ ಹೇಳ್ಕೊಡ್ಬೇಡಿ ಅಂದೆ."

"ತಿಂತಾರೆ ಕಣೋ," ಎಂದರು ತಾಯಿ. "ಎಲ್ಲ ಪಾದ್ರಿಗಳೂ ತಿಂತಾರೆ."

ತಂದೆಯ ಚರ್ಚಿನಲ್ಲಿ ಪಾದ್ರಿ ಎಲ್ಲರಿಗಿಂತ ಕೊನೆಗೆ ತಿನ್ನಬೇಕು; ತಿನ್ನದಿದ್ದರೆ ನಂಬಿಕೆ ಇಲ್ಲವೆಂದೇ ಅರ್ಥ. ಅಷ್ಟು ಹೊತ್ತಿಗೆ ಸಭೆ ತಮ್ಮ ತಮ್ಮ ಜಾಗಕ್ಕೆ ಮರಳಿ, ತಲೆ ತಗ್ಗಿಸಿ, ಕಣ್ಣು ಮುಚ್ಚಿರುತ್ತದೆ. ಪೀಠದ ಕಡೆ ಯಾರೂ ನೋಡುವುದಿಲ್ಲ. ಮಗ ಮಾತ್ರ ಚಿಕ್ಕಂದಿನಲ್ಲಿ ನಿಲುವಂಗಿ ತೂಗುಹಾಕುವ ಪಕ್ಕದ ಕೋಣೆಯಿಂದ ನೋಡುತ್ತಿದ್ದ. ಅಕ್ಕ ಜ್ವರದಲ್ಲಿ ತೀರಿಕೊಂಡಾಗ ಅವನಿಗೆ ಇನ್ನೂ ನೆನಪು ನಿಲ್ಲುವ ವಯಸ್ಸಲ್ಲ. ಅವನ ನೆನಪು ಶುರುವಾಗುವಾಗಲೇ ತಂದೆಯ ಕೈ ಜೇಬಿಗೆ ಹೋಗುತ್ತಿತ್ತು. ಕಾಲೇಜಿಗೆಂದು ಮನೆ ಬಿಟ್ಟವನು ಇನ್ನೊಂದು ಚರ್ಚಿಗೆ ಕಾಲಿಟ್ಟಿರಲಿಲ್ಲ. ಅದನ್ನೇ ನಿಯಮವೆಂದು ತಿಳಿದಿದ್ದ.

"ನಿನಗೆ ಗೊತ್ತಿತ್ತಾ?"

"ಆ ಅಂಗಿ ಒಗೆಯೋಳು ನಾನಲ್ವಾ."

"ಒಂದಿನಾನೂ ಕೇಳ್ಲಿಲ್ವಾ?"

"ಕೇಳಿದ್ರೆ ಹೇಳ್ಬಿಡ್ತಿದ್ರು. ಆಮೇಲೆ ನಾವು ಎಲ್ಲಿಗೆ ಹೋಗೋದಿತ್ತು?"

ಸೋಮವಾರ ಬೆಳಗ್ಗೆಯಿಂದಲೇ ಫೋನು ಬಂದವು. ಪಾತ್ರಧಾರಿಯ ಒಂದೊಂದು ಚಾಳಿಯೂ ತಮ್ಮ ಪಾದ್ರಿಯದೆಂದು ನಕ್ಕಿದ್ದ ಸಭೆ, ಇದೊಂದು ಮಾತ್ರ ಕಟ್ಟುಕಥೆ ಎಂದು ನಂಬಲು ಸಿದ್ಧವಿರಲಿಲ್ಲ. ಮಗನಿಗೂ ಒಂದು ಫೋನು ಬಂತು. ನಿರ್ಮಾಪಕರದು. "ಆ ಸೀನ್ ಬೆಂಕಿ ಕಣಯ್ಯ. ಇಂಥದ್ದು ಇನ್ನೂ ನಾಲ್ಕು ಹಾಕು."

ಬುಧವಾರ ಚರ್ಚಿನ ಸಮಿತಿಯ ಹಿರಿಯರೊಬ್ಬರು ಬಂದರು. ಹಾರ್ಡ್‌ವೇರ್ ಅಂಗಡಿ ಇಟ್ಟವರು. ಮಗ ಚಿಕ್ಕಂದಿನಿಂದ ಅವರನ್ನು ಮೊಳೆ ಮಾಮ ಎಂದೇ ಕರೆಯುತ್ತಿದ್ದ.

"ಪಾಸ್ಟರ್, ನನಗೇನೂ ಅನುಮಾನ ಇಲ್ಲ," ಎಂದರು. "ಆದ್ರೆ ಜನರ ಬಾಯಿಗೆ ಬೀಗ ಹಾಕೋಕಾಗುತ್ತಾ? ನನ್ನ ಅಂಗಡೀಲೇ ಬೀಗಕ್ಕೇನು ಬರ ಇಲ್ಲ, ಆದ್ರೂ ಆಗ್ತಿಲ್ಲ. ಈ ಭಾನುವಾರ ಸಭೆ ಕಡೆ ಮುಖ ಮಾಡಿ, ಎಲ್ರಿಗೂ ಕಾಣೋ ಹಾಗೆ ತಿಂದ್ಬಿಡಿ. ಮುಗೀತು."

"ಮಾಮ, ತಪ್ಪು ನನ್ನದು. ಬೇಕಾದ್ರೆ ಚಾನೆಲ್ಲಲ್ಲೇ ಹೇಳ್ತೀನಿ," ಎಂದ ಮಗ.

"ನೀನು ಸುಮ್ನಿರೋ ಮಾರಾಯ. ಚಿಕ್ಕೋನಿದ್ದಾಗ ಚರ್ಚಿನ ಆರ್ಗನ್ನಿನ ಕೀ ಕಿತ್ತು ಹಾಕ್ದೆ, ಈಗ ಇದು." ಹೊರಡುವಾಗ ಅವರ ದನಿ ತಗ್ಗಿತು. "ತಿನ್ನದಿದ್ರೆ ಕೆಲಸಾನೂ ಇಲ್ಲ, ಮನೇನೂ ಇಲ್ಲ, ಪಾಸ್ಟರ್. ನಾನೊಬ್ಬನೇ ತಡೆಯೋಕಾಗಲ್ಲ."

ಪಾದ್ರಿ ಗೇಟಿನವರೆಗೆ ಹೋಗಿ ಅವರನ್ನು ಕಳಿಸಿ ಬಂದರು.

ಮಗನಿಗೆ ಇದು ದೊಡ್ಡ ಮಾತೆನಿಸಲಿಲ್ಲ. ಶನಿವಾರ ಮಧ್ಯಾಹ್ನ ತಂದೆ ಅಡುಗೆಮನೆಯ ಮೇಜಿನ ಮೇಲೆ ಮರುದಿನದ ರೊಟ್ಟಿ ಕತ್ತರಿಸುತ್ತಿದ್ದಾಗ ಎದುರಿಗೆ ಕೂತ.

"ಅಪ್ಪ, ನಂಬಿಕೆ ಇಲ್ಲ ಅಂದ್ಮೇಲೆ ಅದು ಬರೀ ರೊಟ್ಟಿ ತಾನೇ. ತಿಂದ್ರೆ ಏನಾಗುತ್ತೆ?"

"ನಿನಗೆ ಬರೀ ರೊಟ್ಟಿ."

"ನಿಮಗೆ?"

ತಂದೆ ಅಂಚುಗಳನ್ನು ಬೇರೆ ಮಾಡಿ ಬದಿಗಿಟ್ಟರು. "ನಿನ್ನ ಅಕ್ಕನ್ನ ಮಣ್ಣು ಮಾಡಿದ ಮೇಲಿನ ಭಾನುವಾರ ಕೈಗೆ ತಗೊಂಡೆ. ಬಾಯಿಗೆ ಹೋಗ್ಲಿಲ್ಲ. ಮುಂದಿನ ವಾರ ಆಗುತ್ತೆ ಅಂದ್ಕೊಂಡೆ. ಪ್ರತಿ ವಾರಾನೂ ಹಾಗೇ ಅಂದ್ಕೊಂಡೆ."

"ಅಷ್ಟು ವರ್ಷ ಜನಕ್ಕೆ ಕೊಡ್ತಾ ಬಂದಿರಲ್ಲ, ಅದು ಸುಳ್ಳಲ್ವಾ?"

"ಅವರು ನಂಬಿ ತಗೊಂಡ್ರು. ನಾನು ತಿಂದಿದ್ರೆ ಸುಳ್ಳಾಗ್ತಿತ್ತು."

ಒಲೆಯ ಮುಂದಿದ್ದ ತಾಯಿ ಇತ್ತ ತಿರುಗಿದರು. ಅಡುಗೆಮನೆಯ ಕಿಟಕಿಯಿಂದ ಚರ್ಚಿನ ಸಮಾಧಿ ಅಂಗಳ ಕಾಣುತ್ತಿತ್ತು. ಮಗಳ ಕಲ್ಲು ಮೂರನೆಯ ಸಾಲಿನಲ್ಲಿತ್ತು. ದಿನಾ ಬೆಳಗ್ಗೆ ಅವರು ಅದನ್ನು ಒರೆಸಿ ಬಂದೇ ಒಲೆ ಹಚ್ಚುತ್ತಿದ್ದರು.

"ರೀ, ನಿಮ್ಮ ಮನಸ್ಸಿನ ಲೆಕ್ಕ ನನಗೆ ಬೇಡ," ಎಂದರು. "ಇಷ್ಟು ವರ್ಷ ನಾನೂ ಬಾಯಿ ಹೊಲಿದುಕೊಂಡು ಇದ್ದೆ. ಯಾಕೆ ಅಂತ ನಿಮಗೂ ಗೊತ್ತು. ಅವಳನ್ನ ಒಬ್ಬಳನ್ನೇ ಇಲ್ಲಿ ಬಿಟ್ಟು ನಾನು ಬರಲ್ಲ. ತಿಂದ್ಬಿಡಿ."

"ಪ್ರಯತ್ನ ಮಾಡ್ತೀನಿ," ಎಂದರು ಪಾದ್ರಿ.

"ಪ್ರಯತ್ನ ಅಲ್ಲ. ನುಂಗಿ."

ಭಾನುವಾರ ಚರ್ಚು ತುಂಬಿತ್ತು. ವರ್ಷಗಟ್ಟಲೆ ಮುಖ ತೋರಿಸದವರೂ ಬಂದು ಹಿಂದುಗಡೆ ನಿಂತಿದ್ದರು. ಪಾದ್ರಿ ಎಂದಿನಂತೆ ಹಂಚಿದರು. ಹೆಂಡತಿ ಸಾಲಿನ ಕೊನೆಯಲ್ಲಿ ಬಂದು ಕೈಯೊಡ್ಡಿ ತೆಗೆದುಕೊಂಡರು. ಜಾಗಕ್ಕೆ ಮರಳಿದ ಮೇಲೆ ಆ ದಿನ ಯಾರೂ ಕಣ್ಣು ಮುಚ್ಚಲಿಲ್ಲ.

ಪಾದ್ರಿ ಸಭೆಯ ಕಡೆ ತಿರುಗಿ ಕೊನೆಯ ತುಂಡನ್ನು ಎತ್ತಿದರು. ತುಟಿಯವರೆಗೆ ತಂದರು. ಬಾಯಿ ತೆರೆದದ್ದೂ ಮುಂದಿನ ಸಾಲಿನವರಿಗೆ ಕಂಡಿತು. ಮೊಳೆ ಮಾಮ ತಾವೇ ತಿನ್ನುತ್ತಿರುವವರಂತೆ ಗಂಟಲು ಆಡಿಸಿದರು. ಪಾದ್ರಿಯ ಕೈ ಅಲ್ಲೇ ನಿಂತಿತು, ಆಮೇಲೆ ಕೆಳಗಿಳಿಯಿತು. ತುಂಡನ್ನು ಜೇಬಿಗೆ ಹಾಕಲಿಲ್ಲ. ತಟ್ಟೆಗೆ ಮರಳಿ ಇಟ್ಟರು.

"ನನ್ನಿಂದಾಗಲ್ಲ," ಎಂದರು. ಮೈಕಿನಲ್ಲಿ ಅದು ಎಲ್ಲರಿಗೂ ಕೇಳಿಸಿತು.

ಆರಾಧನೆ ಮುಗಿಸಲು ಆಶೀರ್ವಾದ ಹೇಳಬೇಕಿತ್ತು. ಅವರು ಹೇಳಲಿಲ್ಲ. ಏಳಬೇಕೋ ಕೂತಿರಬೇಕೋ ತಿಳಿಯದೆ ಜನ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಮೊಳೆ ಮಾಮ ಎದ್ದು ನಿಂತು, "ಎಲ್ರೂ ಮನೆಗೆ ಹೋಗಿ," ಎಂದರು. ಹೆಂಡತಿ ಎಲ್ಲರಿಗಿಂತ ಮೊದಲು, ಪೀಠದ ಕಡೆ ನೋಡದೆ, ಪಕ್ಕದ ಬಾಗಿಲಿನಿಂದ ಸಮಾಧಿ ಅಂಗಳಕ್ಕೆ ಇಳಿದರು.

ಮನೆ ಬಿಡಲು ಸಮಿತಿ ತಿಂಗಳ ಗಡುವು ಕೊಟ್ಟಿತು. ಮಗ ವ್ಯಾನು ತಂದ. ಪಾದ್ರಿ ಮುಂದಿನ ಸೀಟಿನಲ್ಲಿ ಕೂತು ಮಗನ ಜೊತೆ ಹೋದರು. ಹೆಂಡತಿ ಚರ್ಚಿನ ಎದುರು ಬೀದಿಯಲ್ಲಿ, ಟೈಲರ್ ಅಂಗಡಿಯ ಮೇಲೆ, ಸಮಾಧಿ ಅಂಗಳ ಕಾಣುವ ಒಂದು ಕೋಣೆ ಬಾಡಿಗೆಗೆ ಹಿಡಿದರು.