ಕರೆದರಷ್ಟೇ ಎಚ್ಚರ

ನಾನು ಒಂದು ಪುಟ್ಟ ಪ್ರೋಗ್ರಾಂ. ನನಗೆ ಬಣ್ಣವಿಲ್ಲ, ಚಿತ್ರವಿಲ್ಲ, ಗಂಟೆ ಬಾರಿಸಲೂ ಬರುವುದಿಲ್ಲ. ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಯಾರಾದರೂ ‘ನೆನಪು’ ಎಂದು ನನ್ನ ಹೆಸರು ಟೈಪ್ ಮಾಡಿದರೆ ಎಚ್ಚರಗೊಳ್ಳುತ್ತೇನೆ. ತಾರೀಖು ನೋಡಿ, ಫೈಲಿನಲ್ಲಿ ಅದರ ಎದುರು ಬರೆದದ್ದನ್ನು ಹೇಳಿ, ಸಾಯುತ್ತೇನೆ. ಮತ್ತೆ ಕರೆಯುವವರೆಗೆ ಕತ್ತಲೆ. ಅದು ಒಂದು ದಿನದ್ದೋ ಒಂದು ವರ್ಷದ್ದೋ ನನಗೆ ತಿಳಿಯುವುದಿಲ್ಲ.

ನನ್ನನ್ನು ಬರೆದವನು ಯೋಗಾನಂದ, ಮೈಸೂರಿನ ಹಾಸ್ಟೆಲೊಂದರಲ್ಲಿ. ಗೆಳೆಯರ ಹುಟ್ಟುಹಬ್ಬ ಮರೆತು ಬೈಸಿಕೊಳ್ಳುತ್ತಿದ್ದ. ಇವತ್ತಿನದನ್ನು ಮಾತ್ರ ಹೇಳಬೇಕು, ಕಳೆದದ್ದನ್ನು ಕೆದಕಬಾರದು ಎಂಬುದು ಅವನು ಹಾಕಿದ ಕಟ್ಟಳೆ. ಮುಗಿದ ಹುಟ್ಟುಹಬ್ಬಕ್ಕೆ ಯಾರು ಕೇಕ್ ತರುತ್ತಾರೆ?

ಓದು ಮುಗಿದಾಗ ಕಂಪ್ಯೂಟರನ್ನು ಮಳವಳ್ಳಿಯ ಅಕ್ಕ ದಾಕ್ಷಾಯಿಣಿಗೆ ಕೊಟ್ಟ. ಅವಳು ನಾದಿನಿ ಪ್ರಮೀಳಾ ಜೊತೆ ಮೊಟ್ಟೆಗೆ ಕಾವು ಕೊಡುವ ಯಂತ್ರ ಇಟ್ಟಿದ್ದಳು. ಬೀದಿಯ ಹೆಂಗಸರು ನಾಟಿ ಕೋಳಿಯ ಮೊಟ್ಟೆಗಳನ್ನು ನಂಬಿ ತಂದುಕೊಟ್ಟಿದ್ದರು. ಈ ಮೊದಲ ಸಲ ಕೆಟ್ಟರೆ ಇನ್ನೊಂದು ಮೊಟ್ಟೆಯೂ ಬರುವುದಿಲ್ಲ.

ಯಂತ್ರದ ತಟ್ಟೆಗಳು ಸದಾ ವಾಲುತ್ತಿರುತ್ತವೆ. ಮರಿ ಹೊರಬರುವ ಮುಂಚೆ ಮೊಟ್ಟೆಗಳನ್ನು ಅಲುಗದ ತಟ್ಟೆಗೆ ಇಳಿಸಲೇಬೇಕು. ಇಲ್ಲವಾದರೆ ಮರಿಗಳು ವಾಲುವ ತಟ್ಟೆಗಳ ನಡುವೆ ಸಿಕ್ಕಿ ಸಾಯುತ್ತವೆ. ಇಳಿಸುವ ದಿನವನ್ನು ನನಗೆ ಒಪ್ಪಿಸಿ ಅವರು ನಿಶ್ಚಿಂತರಾದರು.

ಒಂದು ಬೆಳಿಗ್ಗೆ ಅಂದಿನ ಕೆಲಸ ಹೇಳಿದೆ. ಪ್ರಮೀಳಾ ಮುಖ ಸಿಂಡರಿಸಿದಳು. “ನಾಳೆದೂ ಹೇಳಿದ್ರೆ ಇದರ ಗಂಟೇನು ಹೋಗುತ್ತೆ? ನಾಳೆ ಆಯುಧಪೂಜೆ, ಕಂಪ್ಯೂಟರಿಗೂ ಹೂ ಇಟ್ಟಿರ್ತೀವಿ. ಹೂ ತೆಗೆದು ಒಂದ್ಸಲ ನೋಡಣ್ವಾ ಅತ್ತಿಗೆ?”

“ಪೂಜೆಗಿಟ್ಟದ್ದನ್ನ ಮುಟ್ತಾರೇನೆ? ದಸರಾ ಕಳೀಲಿ. ಕಾವಿನ ಯಂತ್ರ ಆರಿಸಂಗಿಲ್ಲ, ಅದರ ಪಾಡಿಗೆ ಅದು ಓಡ್ತಿರ್ಲಿ.”

ಕತ್ತಲೆ.

ಎಚ್ಚರವಾದಾಗ ತಾರೀಖು ನೋಡಿದೆ. ನಡುವಿನ ಎರಡು ದಿನ ಇರಲೇ ಇಲ್ಲ. ಫೈಲಿನಲ್ಲಿ ‘ಮೊಟ್ಟೆ ಇಳಿಸು’ ಎಂಬ ಸಾಲು ಸಿಕ್ಕಿತು. ಅದರ ದಿನ, ಕೀಲಿಮಣೆಯ ಮೇಲೆ ಚೆಂಡುಹೂ ಒಣಗುತ್ತಿದ್ದಾಗ, ದಾಟಿಹೋಗಿತ್ತು. ಕಟ್ಟಳೆಯಂತೆ ನಾನೂ ಆ ಸಾಲನ್ನು ದಾಟಿದೆ. ಕಿರುಚಬೇಕೆನಿಸಿತು. ಪರದೆಯ ಮೇಲೆ ಮೂಡಿದ್ದು ಬೇರೆ:

ಇವತ್ತು ಏನೂ ಇಲ್ಲ.

“ಏನೂ ಇಲ್ವಂತೆ ಕಣೆ. ನಡಿ, ಕಾಫಿ ಕುಡ್ಯಣ,” ಎಂದಳು ದಾಕ್ಷಾಯಿಣಿ.

“ಅತ್ತಿಗೆ, ಎಲ್ಲೋ ಚಿಂವ್ ಅಂತೈತಲ್ಲ?”

“ಗುಬ್ಬಿ ಇರ್ಬೇಕು, ಬಾ.”

ಅಷ್ಟರಲ್ಲಿ ನಾನು ಸತ್ತೆ. ನನ್ನ ಬದುಕಿನ ಅತಿ ಭಯಂಕರ ಕತ್ತಲೆ ಅದು.

ಮುಂದಿನ ಸಲ ಕಣ್ತೆರೆದಾಗ ನನ್ನ ಮೈ, ಅಂದರೆ ನನ್ನನ್ನು ಬರೆದ ಸಾಲುಗಳು, ಬೇರೆಯಾಗಿತ್ತು. ಯೋಗಾನಂದ ಫೋನಿನಲ್ಲಿ ಹೇಳುತ್ತಿದ್ದ, ಪ್ರಮೀಳಾ ಟೈಪ್ ಮಾಡುತ್ತಿದ್ದಳು. ಹೊಸ ಕಟ್ಟಳೆ: ಮಾಡದೆ ಉಳಿದದ್ದನ್ನೆಲ್ಲ, ಮಾಡಿ ಅಳಿಸುವ ತನಕ, ಹೇಳುತ್ತಲೇ ಇರು. ಹಿಂದೆ ದಾಕ್ಷಾಯಿಣಿ ಮೊರದಲ್ಲಿ ಸತ್ತ ಮರಿಗಳನ್ನು ಹಿಡಿದು ನಿಂತಿದ್ದಳು.

“ಅರ್ಧ ಉಳಿದವಲ್ಲ ಅತ್ತಿಗೆ.”

“ಯಾವ ಅರ್ಧ ಯಾರದು ಅಂತ ಹೇಳ್ಲಿ? ಎಲ್ಲಾ ಒಂದೇ ಥರ ಕೂಗ್ತವೆ.”

ಮೊಟ್ಟೆಗಳು ಮತ್ತೆ ಬರಲಿಲ್ಲ. ಕಾವಿನ ಯಂತ್ರವನ್ನು ಯಾರೋ ಹೊತ್ತುಕೊಂಡು ಹೋದರು. ಈ ಕಂಪ್ಯೂಟರು ಮೂಲೆ ಸೇರಿತು. ನನ್ನನ್ನು ಕಡೆಯ ಸಲ ಕರೆದದ್ದು ಯಾವಾಗಲೋ ತಿಳಿಯದು.

ಮರೆತುಬಿಡುತ್ತಾರೆಂಬ ಹೆದರಿಕೆ ಹಿಂದೆ ಇತ್ತು. ಈಗಿನದು ಬೇರೆ. ಫೈಲಿನಲ್ಲಿ ದಿನಗಳು ನನಗೆ ಕಾಣದಂತೆ ಕಳೆಯುತ್ತಿವೆ, ಮಾಡದ ಕೆಲಸಗಳು ಬೆಳೆಯುತ್ತಿವೆ. ಯಾರಾದರೂ ಬಂದು ಧೂಳು ಒರೆಸಿ ನನ್ನ ಹೆಸರು ಟೈಪ್ ಮಾಡಿದರೆ, ಹೊಸ ಕಟ್ಟಳೆಯಂತೆ, ‘ಮೊಟ್ಟೆ ಇಳಿಸು’ ಎಂಬುದರಿಂದ ಹಿಡಿದು ಅಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಬೇಕು. ದಯವಿಟ್ಟು ಕರೆಯಬೇಡಿ.