ರಿಜೆಕ್ಟ್ ಮಾಲು

“ಕಾಲಗಲಿಸೇ ಕಳ್ಳಮುಂಡೆ. ಒಳಗೇನಿಟ್ಕೊಂಡಿದ್ದೀಯ?”

ಗೇಟಿನಲ್ಲಿ ಮೈ ತಡವಿ ನೋಡುವ ದಪ್ಪಮ್ಮನ ಕೈ ಸಣ್ಣಕ್ಕನ ತೊಡೆಸಂದಿಯಲ್ಲಿ ನಿಂತುಬಿಟ್ಟಿತು. ಮುಟ್ಟಿಗೆ ಬಟ್ಟೆ ಕಟ್ಟಿಕೊಂಡವರ ಮೈ ಸದ್ದು ಮಾಡುವುದಿಲ್ಲ. ಪ್ಯಾಡಿನ ಪ್ಲಾಸ್ಟಿಕ್ಕು ಚರಚರ ಎನ್ನುತ್ತದೆ. ಪ್ಯಾಡು ಮಾಡುವ ಈ ಕಾರ್ಖಾನೆಯ ಕೂಲಿಗೆ ಅಂಗಡಿಯ ಪ್ಯಾಡು ಎಟುಕುವುದಿಲ್ಲವೆಂಬುದು ದಪ್ಪಮ್ಮನಿಗೂ ಗೊತ್ತು. ಅಂದಮೇಲೆ ಚರಚರ ಎಂದರೆ ಕಳವು.

ಬೆಲ್ಟಿನ ಪಕ್ಕ ದಿನವಿಡೀ ನಿಂತು ಸೊಟ್ಟ ಪ್ಯಾಡುಗಳನ್ನು ಆರಿಸಿ ತೆಗೆಯುವುದು ಸಣ್ಣಕ್ಕನ ಕೆಲಸ. ಅಂಟು ಓರೆಯಾದದ್ದು, ಅಂಚು ಹರಿದದ್ದು, ಎಲ್ಲ ಪುಡಿ ಮಾಡುವ ಯಂತ್ರದ ಬಾಯಿಗೆ. ಅದನ್ನೇ ಕಡಿಮೆಗೆ ನಮಗೆ ಕೊಡಿ ಎಂದು ಹೆಂಗಸರು ಒಮ್ಮೆ ಕೇಳಿದ್ದರು. ಕೊಟ್ಟರೆ ಮಾರಿದ ಲೆಕ್ಕ, ಮಾರಿದರೆ ತೆರಿಗೆ ಎಂದಿದ್ದ ಮ್ಯಾನೇಜರ್. ಪ್ಯಾಡಿನ ಮೇಲಿನ ತೆರಿಗೆ ಇನ್ನೂ ಹೋಗಿರದ ಕಾಲ ಅದು. ಸರ್ಕಾರದ ಕಣ್ಣಿಗೆ ಪ್ಯಾಡೆಂದರೆ ಸೆಂಟು, ಲಿಪ್‌ಸ್ಟಿಕ್ಕಿನ ಸಾಲಿನ ಶೋಕಿ ಸಾಮಾನಂತೆ. ಶೋಕಿ ನೋಡಬೇಕಿದ್ದರೆ ಸಣ್ಣಕ್ಕನ ತೊಡೆ ನೋಡಬೇಕಿತ್ತು. ಹಳೇ ಬಟ್ಟೆ ಉಜ್ಜಿ ಉಜ್ಜಿ ಹುಣ್ಣಾಗಿ ಕೀವು ಕಟ್ಟಿತ್ತು. ನಿಂತರೂ ನೋವು, ಕೂತರೂ ನೋವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಬೈದುಕೊಳ್ಳುತ್ತ, ತಡೆಯಲಾರದೆ ಇವತ್ತು ಯಂತ್ರದ ಬಾಯಿಂದ ಒಂದನ್ನು ತಪ್ಪಿಸಿ ಇಟ್ಟುಕೊಂಡಿದ್ದಳು.

ಮ್ಯಾನೇಜರ್ ಬಂದು ಗೇಟಿನ ಮೇಜಿನ ಹಿಂದೆ ಕೂತ. ಸಣ್ಣಕ್ಕ ಅವನ ಕಾಲು ಹಿಡಿದಳು. ಸೊಂಟ ಮುರಿದು ಹಾಸಿಗೆ ಹಿಡಿದ ಗಂಡ, ಬಾಯಿ ತೆರೆದು ಕಾಯುವ ಎರಡು ಮಕ್ಕಳು. ಈ ಕೆಲಸ ಹೋದರೆ ಅವರ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ.

“ಕೂಲೀಲಿ ಮುರ್ಕೊಳ್ಳಿ ಸ್ವಾಮಿ. ಕೆಲಸ ಒಂದು ತೆಗೀಬೇಡಿ.”

“ಮುರ್ಕೊಳ್ಳೋಕೆ ಅದಕ್ಕೆ ರೇಟೇ ಇಲ್ವಲ್ಲೇ, ಅದು ಪುಡಿಯಾಗೋ ಮಾಲು. ಇಲ್ಲೇ ಬಿಚ್ಚಿಟ್ಟು ಮನೆಗೆ ಹೋಗು. ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ.”

ಬಾತ್‌ರೂಮಿಗೆ ಹೋಗಿ ತೆಗೆದು ಬರಲಿ ಬಿಡಿ ಸಾರ್ ಎಂದಳು ದಪ್ಪಮ್ಮ, ಅವಳೂ ಹೆಂಗಸೇ. ಅವನು ಒಪ್ಪಲಿಲ್ಲ. ಕಳ್ಳರನ್ನು ಕಣ್ಮರೆ ಮಾಡಿದರೆ ಉಳಿದವರಿಗೆ ಭಯವೆಲ್ಲಿರುತ್ತದೆ ಎಂದು ನಕ್ಕ.

ಸಣ್ಣಕ್ಕ ಕಾಲು ಬಿಟ್ಟು ಎದ್ದಳು. ಹೋಗುವುದೆಲ್ಲ ಹೋಗಿಯಾಗಿತ್ತು, ಇನ್ನು ಹೆದರಿ ಉಳಿಸಿಕೊಳ್ಳುವುದಾದರೂ ಏನಿತ್ತು? ಗೋಡೆಗೆ ತಿರುಗದೆ, ತಪಾಸಣೆಗೆ ಸಾಲಿನಲ್ಲಿ ನಿಂತ ಹೆಂಗಸರೆದುರಿಗೇ ಪೈಜಾಮದ ಲಾಡಿ ಸಡಿಲಿಸಿ ಕೈಹಾಕಿದಳು. ನೆತ್ತರು ಕುಡಿದು ಭಾರವಾದದ್ದನ್ನು ತೆಗೆದು ಅವನ ಮುಂದೆ ಮೇಜಿನ ಮೇಲಿಟ್ಟಳು.

“ತಗೋ, ನಿನ್ನ ಮಾಲು. ಮೇಲಿರೋ ನೆತ್ರು ನಂದು. ಅದಕ್ಕೆಷ್ಟು ತೆರಿಗೆ ಅಂತ ಕೇಳಿ ಹೇಳ್ಕಳ್ಸು, ಬೋಳಿಮಗನೆ.”

ಕುರ್ಚಿ ಉರುಳಿಸಿಕೊಂಡು ಹಿಂದೆ ಸರಿದ ಮ್ಯಾನೇಜರ್, ಅದನ್ನೆತ್ತಿ ಬಿಸಾಡುವಂತೆ ದಪ್ಪಮ್ಮನಿಗೆ ಅರಚಿದ. ದಪ್ಪಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

ಸಣ್ಣಕ್ಕನ ಕಾಲಗುಂಟ ಇಳಿದ ನೆತ್ತರು ಚಪ್ಪಲಿಗೆ ಬಂತು. ಒರೆಸಿಕೊಳ್ಳಲು ಬಟ್ಟೆಯಿರಲಿಲ್ಲ. ಅವಳ ಹಿಂದೆ ಸಾಲಿನಲ್ಲಿದ್ದ ಅಂಟಿನ ಯಂತ್ರದವಳು ಮೇಜಿನ ಹತ್ತಿರ ಬಂದು, “ನಂದೂ ಇದೆ, ತಗೋ” ಎಂದು ತನ್ನ ಲಾಡಿಯ ಗಂಟಿಗೆ ಕೈ ಹಾಕಿದಳು. ಅವಳ ಹಿಂದಿನವಳೂ ಹಾಕಿದಳು.