ಅಪ್ಪನ ಅಂಗಿಯ ಚುಂಗು

ಅಪ್ಪ ಸತ್ತಾಗ ದೊಡ್ಡ ಬಂದೂಕು ತಮ್ಮ ಆಲ್ಟನ್‌ನ ಪಾಲಿಗೆ ಹೋಯಿತು, ಕೆಂಪು ಚೌಕಳಿಯ ಉಣ್ಣೆ ಅಂಗಿ ಅಕ್ಕ ವರ್ನೆಲ್‌ಗೆ ಬಂತು. ಅವಳಿಗೆ ಅದೇ ದೊಡ್ಡ ಆಸ್ತಿ. ಟೆಕ್ಸಾಸಿನ ಆ ಗುಡ್ಡಗಳ ಬೇಟೆ ಬಿಡಾರಗಳಲ್ಲಿ ಒಂದು ಕಟ್ಟಲೆ ಇದೆ: ಜಿಂಕೆಗೆ ಗುರಿಯಿಟ್ಟು ತಪ್ಪಿದವರ ಅಂಗಿಯ ಚುಂಗು ಕತ್ತರಿಸಿ, ಹೆಸರು ಬರೆದು, ಗೋಡೆಗೆ ಮೊಳೆ ಹೊಡೆಯಬೇಕು. ಅವರ ಗೋಡೆಯ ಮೇಲೆ ಆಲ್ಟನ್‌ನ ಚುಂಗುಗಳನ್ನು ಹೊಲಿದರೆ ಒಂದು ಕೌದಿಯೇ ಆದೀತು. ಅಪ್ಪನದು ಒಂದೂ ಇರಲಿಲ್ಲ. ಈಗ ಆ ಅಂಗಿ ತೊಟ್ಟು ಬೇಟೆಗೆ ಬಂದವಳು ಅದರ ಮಾನವನ್ನೂ ಕಾಯಬೇಕಿತ್ತು.

ಭುಜದ ಆಪರೇಷನ್ ಆದಮೇಲೆ ದೊಡ್ಡ ಬಂದೂಕಿನ ಒದೆ ಅವಳಿಗೆ ತಡೆಯುತ್ತಿರಲಿಲ್ಲ. ಹಾಗಾಗಿ ಹಗುರವಾದದ್ದೊಂದನ್ನು ತಂದಿದ್ದಳು. ಗುಂಡು ಬಟಾಣಿಗಿಂತ ಸಣ್ಣದು, ವೇಗ ಮಾತ್ರ ಕಣ್ಣು ಮಿಟುಕಿಸಲೂ ಬಿಡದು.

"ಇದ್ರಲ್ಲಿ ಜಿಂಕೆ ಹೊಡೀತೀಯೋ, ಕಚಗುಳಿ ಇಡ್ತೀಯೋ?" ಎಂದ ಆಲ್ಟನ್.

"ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು ಕಣೋ. ನಿಂದು ಉಲ್ಟಾ, ಅಷ್ಟೇ."

ಬೆಳಗ್ಗೆ ಓಕ್ ಮರದಡಿ ಕಾಯಿ ಮೇಯಲು ಗಂಡು ಜಿಂಕೆಯೊಂದು ಬಂತು. ಅದು ಪೂರ್ತಿ ಅಡ್ಡ ತಿರುಗುವ ತನಕ ವರ್ನೆಲ್ ಕಾದಳು, ಭುಜದ ಹಿಂದಕ್ಕೆ ಗುರಿಯಿಟ್ಟು ಹೊಡೆದಳು. ಜಿಂಕೆ ಛಂಗನೆ ನೆಗೆದು ಪೊದೆಯೊಳಗೆ ಮಾಯವಾಯಿತು. ಅಕ್ಕ ತಮ್ಮ ಇಬ್ಬರೂ ಹುಡುಕಿದರು. ನೆಲದ ಮೇಲೆ ಒಂದು ಹನಿ ರಕ್ತವಿಲ್ಲ.

"ಸಣ್ಣ ಗುಂಡು ಒಳಗೇ ಸಿಡಿದುಹೋಗತ್ತೆ, ಆಚೆ ಬರಲ್ಲ. ರಕ್ತ ಎಲ್ಲಿಂದ ಬೀಳತ್ತೆ?" ಎಂದಳು.

"ಹೌದೌದು. ಪಾಪ, ಗುಂಡು ಬಿದ್ದಿದ್ದು ಜಿಂಕೆಗೂ ಗೊತ್ತಾಗಿಲ್ಲ."

ಬಿಡಾರದಲ್ಲಿ ಬೀನ್ಸ್ ಕಾಳು ಬೇಯಿಸುತ್ತಿದ್ದ ಹಿಲ್ಮರ್ ಚಿಕ್ಕಪ್ಪನೇ ಅಲ್ಲಿಯ ಹಿರಿಯ. "ಕಟ್ಟಲೆ ಅಂದ್ರೆ ಕಟ್ಟಲೆ ಕಣಮ್ಮ," ಎಂದ. ಆಲ್ಟನ್ ಕತ್ತರಿ ತಂದು ಖುಷಿಯಿಂದ ಚುಂಗು ಕತ್ತರಿಸಿ ಗೋಡೆಗೆ ಹೊಡೆದ. ಅಪ್ಪನ ಮಾನ ತನ್ನ ಕೈಯಿಂದಲೇ ಹೋಯಿತಲ್ಲ ಎಂದು ವರ್ನೆಲ್ ಊಟಕ್ಕೂ ಕೂರಲಿಲ್ಲ. ಮೊಂಡು ಅಂಗಿಯಲ್ಲೇ ಮತ್ತೆ ಆ ಪೊದೆಯತ್ತ ಹೋದಳು.

ಪೊದೆಯ ಆಚೆಯ ಒಣ ಹಳ್ಳದಲ್ಲಿ ಜಿಂಕೆ ಸತ್ತು ಬಿದ್ದಿತ್ತು. ಭುಜದ ಹಿಂದೆ, ಇಟ್ಟ ಗುರಿಯಲ್ಲೇ, ಅಂಗಿಯ ಗುಂಡಿಗಿಂತ ಸಣ್ಣ ತೂತು. ಇನ್ನೊಂದು ಬದಿಯಲ್ಲಿ ಗಾಯವೇ ಇರಲಿಲ್ಲ. ಅವಳು ತಮ್ಮನನ್ನೇ ಕೂಗಿ ಕರೆದು ಅದನ್ನು ಎಳೆಸಿದಳು.

ಹಿಲ್ಮರ್ ಚಿಕ್ಕಪ್ಪ ತೂತು ನೋಡಿದ, ಗೋಡೆಯ ಮೊಳೆ ಕಿತ್ತು ಚುಂಗನ್ನು ಆಲ್ಟನ್‌ನ ಕೈಗಿಟ್ಟ. "ಕತ್ತರಿಸಿದೋನೇ ಹೊಲೀಬೇಕು."

ಅಕ್ಕ, ಚಿಕ್ಕಪ್ಪ ಇಬ್ಬರೂ ಉಂಡು ಮುಗಿಸುವವರೆಗೆ ಆಲ್ಟನ್ ಕನ್ನಡಕ ಏರಿಸಿ, ಅಪ್ಪನ ಅಂಗಿ ತೊಡೆಯ ಮೇಲಿಟ್ಟುಕೊಂಡು, ನಾಲಿಗೆ ಕಚ್ಚಿಕೊಂಡು ಹೊಲಿದ. ಕೊನೆಗೆ "ಮುಗೀತು" ಎಂದು ಎದ್ದ. ಅವನ ಜೊತೆ ಅಂಗಿಯೂ ಎದ್ದಿತು. ಅಪ್ಪನ ಅಂಗಿಗೆ ತನ್ನ ಅಂಗಿಯ ಚುಂಗನ್ನೂ ಸೇರಿಸಿ ಹೊಲಿದುಬಿಟ್ಟಿದ್ದ.

ವರ್ನೆಲ್ ನಗು ತಡೆಯಲಾರದೆ ಕತ್ತರಿ ಎತ್ತಿಕೊಂಡಳು.

"ದಾರ ಬಿಚ್ಚೇ ಅಕ್ಕಾ. ಇದು ಹೊಸ ಅಂಗಿ."

"ಮಾಡಿದ್ದುಣ್ಣೋ ಮಹರಾಯ," ಎನ್ನುತ್ತ ಅವಳು ಅಪ್ಪನ ಕಡೆಯ ಒಂದು ಎಳೆಗೂ ನೋವಾಗದಂತೆ ತಮ್ಮನ ಕಡೆ ಕತ್ತರಿಸಿದಳು.

ಹಿಲ್ಮರ್ ಚಿಕ್ಕಪ್ಪ ಆ ತುಂಡನ್ನು ಗೋಡೆಯ ಮೇಲೆ ಖಾಲಿಯಾದ ಜಾಗಕ್ಕೆ ಮೊಳೆ ಹೊಡೆದು, ಅದರ ಮೇಲೆ ಬರೆದ: "ಆಲ್ಟನ್. ಗುರಿ ತಪ್ಪಿದ್ದು, ಸೂಜಿಯಿಂದ."